ಗುಂಡಿಯಿಲ್ಲದ ಜೇಬು

ನಮ್ಮ ಮನೆಯ ಕಿಟಕಿಗಳಿಗೆಲ್ಲ ಜಾಲರಿ ಇದೆ. ಸೊಳ್ಳೆಗಾಗಿ ಅಲ್ಲ, ಅಕ್ಕನಿಗಾಗಿ. ಅವಳು ಸ್ಕೂಲಿಗೆ ಹೋಗುತ್ತಿದ್ದಾಗ ಆಟದ ಮೈದಾನದಲ್ಲಿ ಅವಳ ಕತ್ತಿಗೆ ಜೇನುಹುಳ ಕಚ್ಚಿತು. ಒಂದೇ ಒಂದು. ಬೇರೆ ಮಕ್ಕಳಾದರೆ ಅತ್ತು, ಮೂಗೊರೆಸಿಕೊಂಡು ಮತ್ತೆ ಆಟಕ್ಕೆ ಹೋಗುತ್ತಿದ್ದರು. ಅಕ್ಕನ ತುಟಿ ಊದಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಸೀಟಿ ಹೊಡೆಯತೊಡಗಿತು. ಆಮೇಲೆ ಸುದ್ದಿ ಕೇಳಿ ಓಡಿಬಂದ ಅಮ್ಮನ ತೋಳಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಳು. ಆಸ್ಪತ್ರೆ ಹತ್ತಿರವಿದ್ದದ್ದಕ್ಕೆ ಬದುಕಿದಳು. ಇನ್ನೊಂದು ಸಲ ಕಚ್ಚಿದರೆ ಇಷ್ಟು ಪುರುಸೊತ್ತು ಸಿಗದೇ ಇರಬಹುದು ಅಂದರಂತೆ ಡಾಕ್ಟರು. ಅವತ್ತೇ ಅಮ್ಮ ಜಾಲರಿ ಹೊಡೆಸಿದಳು.

ಅಲ್ಲಿಂದೀಚೆಗೆ ಅಕ್ಕನ ಲೋಕ ಅಂದರೆ ಹೊಲಿಗೆ ಯಂತ್ರ, ಕಿಟಕಿ ಕಟ್ಟೆ, ಆ ಕಟ್ಟೆಯ ಮೇಲಿನ ಸ್ಟ್ರಾಬೆರಿ ಕುಂಡಗಳು. ಹೊರಗೆ ಹೋಗುವುದೇ ಇಲ್ಲ ಅಂತಲ್ಲ. ಮುಂಜಾನೆಯ ತಂಪಿನಲ್ಲಿ, ಹುಳುಗಳು ಏಳುವ ಮುಂಚೆ, ತಲೆಗೆ ಬಟ್ಟೆ ಸುತ್ತಿಕೊಂಡು ಹೋಗಿ ಬರುತ್ತಾಳೆ. ಗಿಡಗಳು ಜಾಲರಿಯ ಒಳಗೇ ಹೂ ಬಿಡುತ್ತವೆ. ಆದರೆ ಹುಳು ಬಾರದ ಹೂವು ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಕಟ್ಟಿದರೂ ಒಂದು ಕಡೆ ಉಬ್ಬಿ ಒಂದು ಕಡೆ ಸೊಟ್ಟಗಾಗಿರುತ್ತದೆ. ಅದಕ್ಕೆ ಅಕ್ಕ ಒಂದು ಸಣ್ಣ ಬ್ರಶ್ ಇಟ್ಟುಕೊಂಡಿದ್ದಾಳೆ. ಊಟ ಆದಮೇಲೆ ಒಂದು ಹೂವಿನ ಪುಡಿ ಇನ್ನೊಂದು ಹೂವಿಗೆ ಸವರುತ್ತಾ ಕೂರುತ್ತಾಳೆ.

"ಹುಳದ ಕೆಲಸಾನೂ ನಾನೇ ಮಾಡ್ಬೇಕು," ಅನ್ನುತ್ತಾಳೆ. "ರೆಕ್ಕೆ ಒಂದು ಕೊಟ್ಟಿಲ್ಲ ಅಷ್ಟೇ."

ಇಂಥ ಮನೆಯಿಂದ ನಾನು ಕೆಲಸಕ್ಕೆ ಹೋಗುವುದು ವಿಷ ತೆಗೆಯುವ ಜಾಗಕ್ಕೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಲ್ಯಾಬ್ ಇದೆ. ಮೊದಲು ಅಲ್ಲಿ ನೆಲ ಒರೆಸುತ್ತಿದ್ದೆ, ಆಮೇಲೆ ಗಾಜಿನ ಸಾಮಾನು ತೊಳೆಯುತ್ತಿದ್ದೆ. ನನ್ನ ಕೈ ನಡುಗುವುದಿಲ್ಲ ಎನ್ನುವುದನ್ನು ಲ್ಯಾಬ್ ನಡೆಸುವ ಮೇಡಂ ನೋಡಿದರು. ನಾಲಿಗೆ ನಡುಗುತ್ತದೆ, ಕೈ ಇಲ್ಲ. ಸ್ಕೂಲಿನಲ್ಲಿ ಎದ್ದು ನಿಂತು ಓದು ಅಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಒಂದು ವರ್ಷ ಬೇಸಿಗೆ ರಜೆ ಮುಗಿದ ಮೇಲೆ ನಾನು ಹೋಗಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ಲ್ಯಾಬಿನಲ್ಲಿ ಯಾರೂ ಓದು ಅನ್ನುವುದಿಲ್ಲ. ನೋಡು ಅನ್ನುತ್ತಾರೆ. ನೋಡುವುದು ನನಗೆ ಬರುತ್ತದೆ.

ಆ ಕೆಲಸದ ಸುದ್ದಿ ಕೇಳಿ ಅಮ್ಮ ಹಣೆ ಚಚ್ಚಿಕೊಂಡಳು. "ಒಬ್ಬಳು ಜೇನಿಗೆ ಹೆದರಿ ಒಳಗೆ ಕೂತಿದ್ದಾಳೆ. ಇನ್ನೊಬ್ಬಳು ಅದರ ವಿಷ ಬಾಚೋಕೆ ಹೋಗ್ತಾಳಂತೆ. ಎರಡು ಮುತ್ತು ಹಡೆದಿದೀನಿ ನೋಡಿ!"

"ಅದು ಆ ಜೇನಲ್ಲಮ್ಮ," ಅಂದೆ. "ಒಂಟಿ ಜೇನು."

"ಅಂದ್ರೆ?"

"ರಾಣಿ ಇಲ್ಲ, ಗುಂಪಿಲ್ಲ. ಒಂದೊಂದು ಹೆಣ್ಣೂ ತನ್ನ ಗೂಡು ತಾನೇ ಕಟ್ಟುತ್ತೆ. ಕೊಳವೆ ಥರದ ತೂತು ಹುಡುಕಿ, ಮಣ್ಣು ತಂದು ಗೋಡೆ ಹಾಕಿ, ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತೆ."

"ಜೇನು ಕೊಡುತ್ತಾ?"

"ಇಲ್ಲ."

"ಜೇನು ಕೊಡದ್ದು ಯಾವ ಸೀಮೆ ಜೇನು?" ಅಂದಳು ಅಮ್ಮ. ಆದರೆ ರಾಣಿ ಇಲ್ಲದೆ, ಯಾರ ಹಂಗೂ ಇಲ್ಲದೆ ತಾನೇ ಗೋಡೆ ಹಾಕುವ ಹೆಣ್ಣು ಎನ್ನುವುದು ಅವಳಿಗೆ ಹಿಡಿಸಿತು ಅಂತ ನನಗೆ ಗೊತ್ತಾಯಿತು. ಅಪ್ಪ ಹೋದಮೇಲೆ ನಮ್ಮನ್ನು ಸಾಕಿದವಳು ಅವಳೊಬ್ಬಳೇ.

ನನ್ನ ಕೆಲಸ ಹೀಗೆ. ಹುಳುವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಣ್ಣಗೆ ಮಾಡುವುದು. ಅಲುಗದ ಹಾಗಾದ ಮೇಲೆ ಮಸೂರದ ಕೆಳಗೆ ಮಲಗಿಸಿ, ಎಡಗೈಯ ಚಿಮಟದಲ್ಲಿ ಹೊಟ್ಟೆ ಹಿಡಿದು, ಬಲಗೈಯ ಚಿಮಟದಲ್ಲಿ ಕೊಂಡಿಯ ಬುಡ ಹಿಡಿದು ನಿಧಾನವಾಗಿ ಎಳೆಯುವುದು. ಬೇಗ ಎಳೆದರೆ ಹರಿಯುತ್ತದೆ. ಕೊಂಡಿಯ ಜೊತೆ ಒಳಗಿನದೂ ಬರುತ್ತದೆ. ಅದರಲ್ಲಿ ಎರಡು ಚೀಲ ಜೋತಾಡುತ್ತವೆ. ಒಂದು ವಿಷದ್ದು, ಇನ್ನೊಂದು ಬೇರೆಯದು. ಮೇಡಂ ನನಗೆ ಕಲಿಸುವಾಗ ಒಂದೇ ಮಾತು ಹೇಳಿದ್ದರು: "ತುಂಬಿದ್ದನ್ನ ಇಟ್ಕೋ, ಬತ್ತಿದ್ದನ್ನ ಬಿಡು." ಗೂಡಿನ ಮಣ್ಣೊಡೆದು ಆಗಷ್ಟೇ ಈಚೆ ಬಂದ ಹೆಣ್ಣುಹುಳುಗಳ ಮೇಲೆಯೇ ನಾವು ಯಾವಾಗಲೂ ಕೆಲಸ ಮಾಡುತ್ತಿದ್ದದ್ದು. ಅವುಗಳಲ್ಲಿ ವಿಷದ ಚೀಲ ನೀರಿನ ಹನಿಯಂತೆ ತುಂಬಿರುತ್ತದೆ. ಇನ್ನೊಂದು ದಾರದ ಎಳೆಯಂತೆ ಮುದುರಿರುತ್ತದೆ. ಗಂಡುಹುಳುವಿಗೆ ಈ ತಾಪತ್ರಯವೇ ಇಲ್ಲ, ಕೊಂಡಿಯೇ ಇರುವುದಿಲ್ಲ.

"ಅದಕ್ಕೇ ಅವು ಯಾವಾಗ್ಲೂ ಸುತ್ತಾಡ್ಕೊಂಡಿರ್ತಾವೆ," ಅನ್ನುವುದು ಗಾಜಣ್ಣನ ಮಾತು. ಗಾಜಣ್ಣ ಲ್ಯಾಬಿನ ಗಾಜಿನ ಸಾಮಾನು, ಯಂತ್ರ, ಫ್ರಿಜ್ ಎಲ್ಲ ನೋಡಿಕೊಳ್ಳುವವರು. ಅವರ ಬಾಯಿ ನಿಂತ ದಿನವಿಲ್ಲ. ನನ್ನನ್ನು ಕರೆಯುವುದು ಮೌನಗೌರಿ ಅಂತ.

ಅಷ್ಟೊಂದು ವಿಷ ಯಾಕೆ ಅಂತ ಅಕ್ಕ ಕೇಳುತ್ತಿದ್ದಳು. ಸಂಜೆ ಅವಳ ಹೊಲಿಗೆ ಯಂತ್ರದ ಪಕ್ಕ ಕೂತಾಗ ಮಾತ್ರ ನನ್ನ ಬಾಯಿ ಸಲೀಸಾಗಿ ಬರುತ್ತದೆ. ಮೇಡಂ ಹೇಳಿದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಒಂಟಿ ಜೇನಿನ ವಿಷದಲ್ಲಿ ಚಿಕ್ಕ ಚಿಕ್ಕ ಪ್ರೋಟೀನ್ ತುಂಡುಗಳಿರುತ್ತವೆ. ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡು, ಜೀವಕೋಶದ ಹೊರಪದರದಲ್ಲಿ ತೂತು ಕೊರೆಯುತ್ತವೆ. ತೂತಾದ ಕೋಶದೊಳಗಿನದು ಹೊರಗೆ ಸೋರಿಹೋಗಿ ಕೋಶ ಸಾಯುತ್ತದೆ. ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊರೆಯುತ್ತವೆ, ನಮ್ಮ ರಕ್ತದ ಕೋಶಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಂಥವು ಮುಂದೆ ಔಷಧಿಗೆ ಆದೀತೇ ಅಂತ ಮೇಡಂ ಹುಡುಕುತ್ತಿದ್ದಾರೆ.

ಅಕ್ಕ ಸೂಜಿಯ ಕೆಳಗಿನ ಬಟ್ಟೆ ನೋಡುತ್ತಾ ಹೇಳಿದಳು, "ದಾರ ಇಲ್ಲದ ಸೂಜಿ. ತೂತು ಮಾಡುತ್ತೆ, ಹೊಲಿಯಲ್ಲ."

ನನಗೂ ಒಂದು ಸಲ ಕಚ್ಚಿದೆ. ಪೆಟ್ಟಿಗೆ ಮುಚ್ಚುವಾಗ ಹುಳು ನನ್ನ ಬೆರಳಿಗೂ ಮುಚ್ಚಳಕ್ಕೂ ನಡುವೆ ಸಿಕ್ಕಿಕೊಂಡಿತು. ಅದರ ತಪ್ಪಿಲ್ಲ. ಅಮುಕಿದರೆ ಹೊರತು ಅವು ಕಚ್ಚುವುದೇ ಕಡಿಮೆ. ಕಾಯಲು ಜೇನೂ ಇಲ್ಲ, ರಾಣಿಯೂ ಇಲ್ಲ. ಗುಂಡುಸೂಜಿ ಚುಚ್ಚಿದಂತಾಯಿತು. ಕೆಂಪಗೆ ಒಂದು ಚುಕ್ಕೆ ಎದ್ದು, ಸ್ವಲ್ಪ ನವೆಯಾಗಿ, ಟೀ ಆರುವಷ್ಟರಲ್ಲಿ ಇಳಿಯಿತು. ಜೇನುಹುಳುವಿನ ಹಾಗೆ ಕೊಂಡಿಯನ್ನು ಚರ್ಮದಲ್ಲೇ ಬಿಟ್ಟುಹೋಗುವುದಿಲ್ಲ ಇದು, ವಿಷವೂ ಬಲು ಕಮ್ಮಿ. ಇಷ್ಟನ್ನೂ ನಾನು ಅಕ್ಕನಿಗೆ ಹೇಳಿದ್ದೆ. ಅವಳು ಬೆರಳು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದಳು.

ಬಹುಶಃ ಅವತ್ತೇ ಅವಳ ತಲೆಯಲ್ಲಿ ಹುಳ ಹೊಕ್ಕಿರಬೇಕು.

ಲ್ಯಾಬಿಗೆ ಅಂಟಿಕೊಂಡಂತೆ ಒಂದು ಗಾಜಿನ ಮನೆ ಇದೆ. ಒಳಗೆ ಉದ್ದುದ್ದ ಸಾಲು ಸ್ಟ್ರಾಬೆರಿ. ಗೋಡೆಯ ಮೇಲೆ ಕಟ್ಟುಕಟ್ಟಾಗಿ ಕಟ್ಟಿದ ಜೊಂಡಿನ ಕೊಳವೆಗಳು, ಅವುಗಳಲ್ಲಿ ಒಂಟಿ ಜೇನು. ಹೂವಿನ ಕೆಲಸ ಅವು ಮಾಡುತ್ತವೆ, ಮಿಕ್ಕಿದ್ದನ್ನು ಮನುಷ್ಯರು ಮಾಡಬೇಕು. ಅಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆ ಹೊರಟು, ಮತ್ತೆ ಬರುವುದಿಲ್ಲ ಅಂದರು. ನಾನು ಅದನ್ನು ಊಟ ಮಾಡುವಾಗ ಸುಮ್ಮನೆ ಹೇಳಿದೆ.

ಅಕ್ಕ ಕೈ ತೊಳೆದುಕೊಂಡು ಬಂದು ಅಮ್ಮನ ಎದುರು ನಿಂತಳು. "ನಾನು ಹೋಗ್ತೀನಿ."

"ಎಲ್ಲಿಗೆ?"

"ಆ ಕೆಲಸಕ್ಕೆ. ಗಾಜಿನ ಮನೆಗೂ ನಮ್ಮನೆ ಥರಾನೇ ಜಾಲರಿ ಇದೆಯಂತೆ. ಹೊರಗಿನ ಜೇನು ಒಳಗೆ ಬರಲ್ಲ. ಒಳಗಿರೋವು ಇವಳ ಒಂಟಿ ಜೇನು ಮಾತ್ರ."

"ಹೂಂ, ಹೋಗು. ಹುಲಿ ಬೋನಿನ ಹೊರಗಿದ್ರೆ ಭಯ, ಒಳಗಿದ್ರೆ ಭಯ ಇಲ್ಲ, ಅಲ್ವಾ? ಹೋಗಿ ಅದರ ಮಗ್ಗುಲಲ್ಲೇ ಮಲಕ್ಕೋ."

"ಅಮ್ಮ, ಅದು ಹುಲಿಯಲ್ಲ."

"ಅಂತ ಯಾರು ಹೇಳಿದ್ರು? ನಿನ್ನ ಮೈ ಹೇಳಿತಾ?"

ಅಕ್ಕ ನನ್ನ ಕಡೆ ನೋಡಿದಳು. ನಾನು ತಟ್ಟೆಯ ಕಡೆ ನೋಡಿದೆ.

ಮಾರನೇ ದಿನ ಗಾಜಣ್ಣ ನನ್ನ ಮುಖ ನೋಡಿ, "ಏನು ಮೌನಗೌರಿ, ಇವತ್ತು ಮೌನ ಸ್ವಲ್ಪ ಜೋರಾಗಿದೆ?" ಅಂದರು. ಅವರಿಗೆ ಹೇಳಿದರೆ ಗೋಡೆಗೂ ಗೊತ್ತಾದಂತೆ. ಮಧ್ಯಾಹ್ನದ ಹೊತ್ತಿಗೆ ಮೇಡಂ ನನ್ನನ್ನು ಕರೆದು ಕೂರಿಸಿದರು.

"ನಿಮ್ಮಮ್ಮ ಕೇಳಿದ್ದು ಸರಿಯಾಗೇ ಇದೆ," ಅಂದರು. "ಮೈಯನ್ನೇ ಕೇಳ್ಬೇಕು. ನೋಡು, ಜೇನುಹುಳದ ವಿಷದಲ್ಲಿ ಒಂದು ಪದಾರ್ಥ ಇದೆ. ನಿಮ್ಮಕ್ಕನ ಮೈ ಅದನ್ನ ಕಳ್ಳ ಅಂತ ಗುರುತಿಟ್ಕೊಂಡಿದೆ. ಮತ್ತೆ ಕಂಡ್ರೆ ಸಾಕು, ಕಾವಲುಗಾರ ಇಡೀ ಊರನ್ನೇ ಎಬ್ಬಿಸಿಬಿಡ್ತಾನೆ. ಚರ್ಮದಲ್ಲಿ, ಉಸಿರಿನ ದಾರೀಲಿ ಕೆಲವು ಕೋಶಗಳು ನವೆ, ಊತ ತರೋ ರಾಸಾಯನಿಕವನ್ನ ಚೀಲ ಚೀಲ ತುಂಬ್ಕೊಂಡು ಕೂತಿರ್ತಾವೆ. ಎಲ್ಲಾ ಒಟ್ಟಿಗೇ ಒಡೆದುಬಿಡ್ತಾವೆ. ವಿಷಕ್ಕಿಂತ ಆ ಗದ್ದಲವೇ ಅಪಾಯ."

"ಒಂಟಿ ಜೇನಿನ ವಿಷ?" ಅಂತ ಕೇಳಿದೆ.

"ಅದರಲ್ಲಿ ಆ ಕಳ್ಳನ ತಮ್ಮನ ಥರದವನು ಇರಬಹುದು. ಮುಖ ಸ್ವಲ್ಪ ಹೋಲುತ್ತೆ. ಕಾವಲುಗಾರ ತಮ್ಮನನ್ನೂ ಹಿಡೀತಾನಾ ಅನ್ನೋದೇ ಪ್ರಶ್ನೆ. ನಿಮ್ಮಕ್ಕನ್ನ ಕಚ್ಚಿಸಿ ನೋಡೋಕಾಗಲ್ಲ. ರಕ್ತದಲ್ಲಿ ನೋಡಬಹುದು."

ಅಕ್ಕನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರಿಗೆ ಮೇಡಂ ಫೋನ್ ಮಾಡಿ ಮಾತಾಡಿದರು. ಮುಂಜಾನೆಯೇ ಹೋಗಿ ಅಕ್ಕ ರಕ್ತ ಕೊಟ್ಟು ಬಂದಳು. ಅಮ್ಮನೂ ಜೊತೆಗೆ ಹೋಗಿದ್ದಳು. ಪರೀಕ್ಷೆಯಲ್ಲಿ ಬೇಡ ಅಂತಲೇ ಬರುತ್ತದೆ, ಆಗ ಈ ಹುಚ್ಚು ಬಿಡುತ್ತದೆ ಎನ್ನುವುದು ಅಮ್ಮನ ಲೆಕ್ಕ.

ವಿಷ ತೆಗೆಯಬೇಕಾದವಳು ನಾನು. ಗಾಜಿನ ಮನೆಯಲ್ಲಿ ಇರುವ ಹುಳುಗಳದ್ದೇ ಬೇಕು, ಅಕ್ಕ ನಾಳೆ ಒಡನಾಡುವುದು ಅವುಗಳ ಜೊತೆ ತಾನೆ ಅಂದರು ಮೇಡಂ. ಹಾಗಾಗಿ ನಾನು ಜೊಂಡಿನ ಕೊಳವೆಗೆ ಮಣ್ಣು ಹೊರುತ್ತಿದ್ದ ಹೆಣ್ಣುಗಳನ್ನೇ ಹಿಡಿದು ತಂದೆ. ಮಸೂರದ ಕೆಳಗೆ ಎಂದಿನಂತೆ ಎಳೆದೆ. ಎಂದಿನಂತೆ ತುಂಬಿದ್ದನ್ನು ಇಟ್ಟುಕೊಂಡೆ, ಬತ್ತಿದ್ದನ್ನು ಬಿಟ್ಟೆ. ತುಂಬಿದ ಚೀಲ ಈ ಸಲ ಸ್ವಲ್ಪ ಬೆಳ್ಳಗಿದೆ ಅಂತ ಅನ್ನಿಸಿತು. ಬೆಳಕಿನ ದೋಷ ಅಂದುಕೊಂಡೆ. ಕೈ ಅಷ್ಟು ಜತನವಾಗಿ ಯಾವತ್ತೂ ಕೆಲಸ ಮಾಡಿರಲಿಲ್ಲ.

ಪರೀಕ್ಷೆಯನ್ನು ಮೇಡಂ ತಾವೇ ಮಾಡಿದರು. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಒಂದು ಸಾಲಿಗೆ ಜೇನುಹುಳದ ವಿಷ, ಇನ್ನೊಂದು ಸಾಲಿಗೆ ನಾನು ತಂದದ್ದು. ಅದರ ಮೇಲೆ ಅಕ್ಕನ ರಕ್ತದಿಂದ ಬೇರ್ಪಡಿಸಿದ ತಿಳಿ. ತೊಳೆದು, ಇನ್ನೇನೋ ಹಾಕಿ, ಮತ್ತೆ ತೊಳೆದು, ಕೊನೆಗೆ ಬಣ್ಣದ ಔಷಧಿ. ಕಾವಲುಗಾರ ಹಿಡಿದುಕೊಂಡ ಕಡೆ ನೀಲಿ ಬರುತ್ತದೆ, ಹಿಡಿಯದ ಕಡೆ ಬರುವುದಿಲ್ಲ. ಜೊತೆಗೆ ನಾನು ತಂದದ್ದರ ಒಂದೊಂದು ಹನಿಯನ್ನು ಮೇಡಂ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೂ ಇಟ್ಟರು. ಅದು ಅವರ ಪದ್ಧತಿ. ವಿಷವಾದರೆ ಹನಿಯ ಸುತ್ತ ಬ್ಯಾಕ್ಟೀರಿಯಾ ಸತ್ತು ಮಾರನೇ ಬೆಳಿಗ್ಗೆಗೆ ತಿಳಿಯಾದ ಬಳೆಯೊಂದು ಕಾಣುತ್ತದೆ. ಅದನ್ನು ನೋಡದೆ ಅವರು ಯಾವ ಫಲಿತಾಂಶವನ್ನೂ ನಂಬುವುದಿಲ್ಲ.

ಸಂಜೆಯ ಹೊತ್ತಿಗೆ ಜೇನುಹುಳದ ಸಾಲು ಶಾಯಿ ಚೆಲ್ಲಿದಂತೆ ನೀಲಿಯಾಯಿತು. ಪಕ್ಕದ ಸಾಲು ನೀರಿನಂತೆ ತಿಳಿಯಾಗಿತ್ತು. ನಾನು ಬಗ್ಗಿ ನೋಡಿದೆ, ತಟ್ಟೆಯ ಕೆಳಗೆ ಬಿಳಿ ಕಾಗದ ಇಟ್ಟು ನೋಡಿದೆ. ಏನೂ ಇರಲಿಲ್ಲ.

ಮೇಡಂ "ಅರೆ," ಅಂದರು. ನಗಲಿಲ್ಲ. "ನಾಳೆ ಬೆಳಿಗ್ಗೆ ಬ್ಯಾಕ್ಟೀರಿಯಾ ತಟ್ಟೆ ನೋಡ್ಕೊಂಡು ಮಾತಾಡೋಣ. ಅಲ್ಲೀವರೆಗೆ ಮನೇಲಿ ಏನೂ ಹೇಳ್ಬೇಡ."

"ಯಾರಿಗೆ ಹೇಳ್ತಿದೀರಿ ಮೇಡಂ?" ಅಂದರು ಗಾಜಣ್ಣ. "ಇವಳ ಬಾಯಿಗಿಂತ ನಮ್ಮ ಫ್ರಿಜ್ಜಿನ ಬಾಗಿಲು ಜಾಸ್ತಿ ತೆರೆಯುತ್ತೆ."

ನಾನು ಬೀದಿಯುದ್ದಕ್ಕೂ ಓಡಿದೆ. ಬಾಗಿಲಲ್ಲೇ ಚಪ್ಪಲಿ ಹಾರಿಸಿ, ಉಸಿರು ಬಿಡುವ ಮುಂಚೆ ಹೇಳಿಬಿಟ್ಟೆ: "ಬಣ್ಣ ಬರಲಿಲ್ಲ ಅಕ್ಕ! ಒಂಟಿ ಜೇನಿಗೆ ಬಣ್ಣಾನೇ ಬರಲಿಲ್ಲ!"

ಅಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಎದ್ದು ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು, ಕುಂಡಗಳನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಜಾಲರಿಯ ಚೌಕಟ್ಟು ಬಿಚ್ಚತೊಡಗಿದಳು. ಅಮ್ಮ ಒಳಗಿನಿಂದ ಬಂದು ಅಯ್ಯೋ ಅಂದಳು.

"ಸಂಜೆ ಆಯ್ತಲ್ಲಮ್ಮ. ಹುಳ ಎಲ್ಲಾ ಮಲಗಿದಾವೆ. ಬೆಳಿಗ್ಗೆ ಮತ್ತೆ ಹಾಕ್ತೀನಿ. ಒಂದು ಸಲ ನೋಡ್ತೀನಿ, ಅಷ್ಟೇ."

ಜಾಲರಿ ಇಲ್ಲದ ಕಿಟಕಿಯಲ್ಲಿ ಬೀದಿ ಬೇರೆ ಥರ ಕಂಡಿತು. ಎದುರು ಮನೆಯ ಹಗ್ಗದ ಮೇಲಿನ ಬಟ್ಟೆಗಳ ಬಣ್ಣ ಇಷ್ಟು ಗಾಢ ಅಂತ ನನಗೆ ಗೊತ್ತೇ ಇರಲಿಲ್ಲ. ಅಕ್ಕ ಮೊಣಕೈ ಹೊರಗಿಟ್ಟು ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮನೂ ಹೋಗಿ ಅವಳ ಪಕ್ಕ ನಿಂತು, ಮಳೆ ಬರುತ್ತಿದೆಯಾ ಅಂತ ನೋಡುವವರ ಹಾಗೆ ಅಂಗೈ ಹೊರಗೆ ಚಾಚಿದಳು. ಆಗಲೇ ನನಗೆ ಬೆಳ್ಳಗಿದ್ದ ಆ ಚೀಲ ನೆನಪಾಯಿತು.

ಬೆಳಿಗ್ಗೆ ಬ್ಯಾಕ್ಟೀರಿಯಾ ತಟ್ಟೆ ತುಂಬಾ ಮಂಜು ಹಿಡಿದ ಗಾಜಿನ ಹಾಗೆ ಬೆಳೆದಿತ್ತು. ಹೋಲಿಸಿ ನೋಡಲು ಮೇಡಂ ಹಳೆಯ ವಿಷದ ಹನಿ ಇಟ್ಟಿದ್ದ ಕಡೆ ಮಾತ್ರ ತಿಳಿಯಾದ ಬಳೆ. ನನ್ನ ಹನಿಗಳ ಸುತ್ತ ಏನೂ ಇರಲಿಲ್ಲ. ಬ್ಯಾಕ್ಟೀರಿಯಾಗಳು ಹನಿಯ ಅಂಚಿನವರೆಗೂ ಆರಾಮಾಗಿ ಬೆಳೆದಿದ್ದವು. ಮೇಡಂ ಗಾಜಿನ ಮನೆಯಿಂದ ಇನ್ನೊಂದು ಹುಳು ತರಿಸಿ, ನನ್ನನ್ನೇ ಕೂರಿಸಿ ಎಳೆಯಲು ಹೇಳಿದರು. ಚೀಲಗಳು ಹೊರಬಂದ ಮೇಲೆ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಹಾಗೇ ನಗಲು ಶುರುಮಾಡಿದರು.

"ನೀನು ತಂದಿರೋದು ವಿಷ ಅಲ್ಲ ಕಣೇ. ಬಾಗಿಲಿನ ಎಣ್ಣೆ!"

ಆ ಎರಡನೇ ಚೀಲ ಅದಕ್ಕಂತೆ. ಗೂಡು ಕಟ್ಟುವ ಕಾಲ ಬಂದಾಗ ಅದು ತುಂಬಿಕೊಳ್ಳುತ್ತದೆ. ಹೆಣ್ಣುಹುಳು ತನ್ನ ಕೊಳವೆಯ ಬಾಯಿಗೆ ಆ ಎಣ್ಣೆ ಸವರಿಕೊಳ್ಳುತ್ತದೆ. ಸಾಲು ಸಾಲು ಕೊಳವೆಗಳ ನಡುವೆ ತನ್ನ ಮನೆ ಯಾವುದು ಅಂತ ವಾಸನೆಯಲ್ಲಿ ತಿಳಿಯಲು. ಅದರಲ್ಲಿ ಕಾವಲುಗಾರ ಹಿಡಿಯುವಂಥದ್ದು ಏನೂ ಇಲ್ಲ. ಹಾಗಿರುವಾಗ ನೀಲಿ ಎಲ್ಲಿಂದ ಬರಬೇಕು?

"ರೂಲ್ ಹೇಳ್ಕೊಟ್ಟೋಳು ನಾನೇ," ಅಂದರು ಮೇಡಂ. "ಗೂಡು ಕಟ್ಟೋ ಹೆಣ್ಣಿಗೆ ಅದು ತಿರುಗಾಮುರುಗಾ ಆಗುತ್ತೆ ಅಂತ ಹೇಳಲಿಲ್ಲ. ಇರಲಿ ಬಿಡು, ಮತ್ತೆ ಮಾಡೋಣ. ಮನೇಲಿ ಹೇಳಿಲ್ಲ ತಾನೆ?"

ನಾನು ಚಿಮಟ ಕೆಳಗಿಟ್ಟೆ. ಗಾಜಣ್ಣ ನನ್ನ ಮುಖ ನೋಡಿ, ಮೊದಲ ಸಲ ತಮಾಷೆ ಮಾಡದೆ, "ಹೋಗಿ ಹೇಳಿ ಬಾ ಮಗ. ಹೊತ್ತಾದಷ್ಟೂ ಭಾರ," ಅಂದರು.

ಮನೆಗೆ ಹೋದಾಗ ಜಾಲರಿ ಮತ್ತೆ ಕಿಟಕಿಯಲ್ಲಿತ್ತು. ಅಕ್ಕ ಹಸಿರು ದಪ್ಪ ಬಟ್ಟೆಯೊಂದನ್ನು ಕತ್ತರಿಸಿ ಹೊಲಿಯುತ್ತಿದ್ದಳು, ಗಾಜಿನ ಮನೆಯಲ್ಲಿ ಹಾಕಿಕೊಳ್ಳಲು ಏಪ್ರನ್. ನನ್ನನ್ನು ಆ ಹೊತ್ತಿನಲ್ಲಿ ನೋಡಿ ಅವಳ ಮುಖ ಬದಲಾಯಿತು.

"ಏನೇ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ನಿನ್ನೆ ಓಡಿ ಬಂದು ಹೇಳಿದೆಯಲ್ಲ, ಇವತ್ತೂ ಹೇಳು."

ಹೇಳಿದೆ. ಚೀಲದ ವಿಷಯ, ಎಣ್ಣೆಯ ವಿಷಯ, ಬಳೆ ಬಾರದ ವಿಷಯ. ಅಕ್ಕ ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದಳು. ಯಂತ್ರ ಸದ್ದು ಮಾಡುತ್ತಿತ್ತು, ಬಟ್ಟೆ ಮುಂದಕ್ಕೆ ಹೋಗುತ್ತಿತ್ತು. ಸೂಜಿಯಿಂದ ದಾರ ಬಿಟ್ಟುಹೋಗಿತ್ತು. ಹಸಿರು ಬಟ್ಟೆಯ ಮೇಲೆ ತೂತಿನ ಸಾಲು ಮಾತ್ರ ಮೂಡುತ್ತಿತ್ತು. ನನಗೆ ಕಾಣಿಸಿತು, ಅವಳಿಗೆ ಕಾಣಿಸಲಿಲ್ಲ. ನಾನು ಹೋಗಿ ಚಕ್ರ ಹಿಡಿದೆ.

ಅವಳು ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅಳುತ್ತಾಳೆ ಅಂದುಕೊಂಡೆ.

"ಹಾಗಾದ್ರೆ ನಿನ್ನೆ ನನ್ನ ರಕ್ತದ ಎದುರಿಗೆ ಇಟ್ಟಿದ್ದು ಆ ಹುಳದ ಮನೆ ವಾಸನೆ," ಅಂದಳು.

"ಹೂಂ."

"ಅದಕ್ಕೆ ನನ್ನ ಮೈ ಏನೂ ಅನ್ನಲಿಲ್ಲ."

"ಇಲ್ಲ."

"ಅಷ್ಟಾದ್ರೂ ಆಯ್ತಲ್ಲ." ದಾರವನ್ನು ನಾಲಿಗೆಗೆ ತಾಗಿಸಿ ಸೂಜಿಗೆ ಪೋಣಿಸಿದಳು. "ಹೋಗು. ಈ ಸಲ ಸರಿಯಾದ್ದು ತೆಗಿ. ಏನು ಬಂದ್ರೂ ಬರಲಿ, ಸುಳ್ಳು ನನಗೆ ಬೇಡ."

ಈ ಸಲ ತುಂಬಿದ್ದು ಬತ್ತಿದ್ದು ನೋಡಲಿಲ್ಲ, ತಿಳಿಯಾಗಿದ್ದನ್ನು ನೋಡಿದೆ. ಗೂಡಿನ ಕೆಲಸದಲ್ಲಿರುವ ಹುಳುವಿನ ವಿಷದ ಚೀಲ ಬಿಳಿ ಎಣ್ಣೆಯ ಚೀಲದ ಹಿಂದೆ ಅವಿತುಕೊಂಡಿರುತ್ತದೆ, ಚಿಮಟದ ತುದಿಯಲ್ಲಿ ಸರಿಸಿದರೆ ಮಾತ್ರ ಕಾಣುತ್ತದೆ. ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬಳೆಗಳು ಬಂದವು. ಅದನ್ನು ನೋಡಿದ ಮೇಲೆಯೇ ಮೇಡಂ ಗುಳಿಗಳ ತಟ್ಟೆಗೆ ಕೈ ಹಾಕಿದರು. ಜೇನುಹುಳದ ಸಾಲು ಮತ್ತೆ ಶಾಯಿಯಾಯಿತು. ಪಕ್ಕದ ಸಾಲು ನಿಧಾನವಾಗಿ, ಬಹಳ ನಿಧಾನವಾಗಿ, ನೀಲಿ ಹಾಕಿ ಜಾಲಿಸಿದ ಬಿಳಿ ಬಟ್ಟೆಯ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು.

ಮೇಡಂ ಆ ಸಂಜೆ ನಮ್ಮ ಮನೆಗೇ ಬಂದರು. ಅಮ್ಮ ಕುರ್ಚಿ ಒರೆಸಿ ಕೊಟ್ಟಳು.

"ಕಾವಲುಗಾರ ತಮ್ಮನನ್ನ ನೋಡಿ ಅನುಮಾನ ಪಟ್ಟಿದ್ದಾನೆ," ಅಂದರು ಮೇಡಂ. "ಹಿಡಿದಿದ್ದಾನೆ, ಆದ್ರೆ ಗಟ್ಟಿಯಾಗಿ ಅಲ್ಲ. ಏನೂ ಆಗಲ್ಲ ಅಂತ ನಾನು ಹೇಳಲಾರೆ. ಆಗೇ ಆಗುತ್ತೆ ಅಂತಲೂ ಹೇಳಲಾರೆ. ತಟ್ಟೆಯ ಬಣ್ಣವೇ ಬೇರೆ, ಮನುಷ್ಯರ ಮೈಯೇ ಬೇರೆ. ಈ ಹುಳದ ವಿಷ ಕಮ್ಮಿ, ಅವು ಕಚ್ಚೋದೂ ಕಮ್ಮಿ. ಮುಂದಿನದು ಡಾಕ್ಟರ್ ಹೇಳ್ಬೇಕು, ಆಮೇಲೆ ನಿಮ್ಮ ಮಗಳು ಹೇಳ್ಬೇಕು."

ಅಮ್ಮ ತನಗೆ ಬೇಕಾಗಿದ್ದ ಉತ್ತರಕ್ಕೆ ಕಾದಳು. ಅದು ಬರಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದೂ ಬರಲಿಲ್ಲ.

ಡಾಕ್ಟರು ಬಹಳ ಹೊತ್ತು ಯೋಚಿಸಿದರಂತೆ. ಜೇನುಹುಳದ ವಿಷಕ್ಕೆ ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಒಗ್ಗಿಸುವ ಚಿಕಿತ್ಸೆ ಶುರು ಮಾಡೋಣ, ಅದು ನಿಧಾನದ ಕೆಲಸ ಅಂದರಂತೆ. ಅದರ ಮೊದಲ ಹಂತ ಮುಗಿದ ಮೇಲೆ ಗಾಜಿನ ಮನೆಗೆ ಹೋಗಬಹುದು, ಎರಡು ಷರತ್ತಿನ ಮೇಲೆ. ತೊಡೆಗೆ ಚುಚ್ಚಿಕೊಳ್ಳುವ ತುರ್ತು ಇಂಜೆಕ್ಷನ್ ಯಾವಾಗಲೂ ಮೈಮೇಲೆ ಇರಬೇಕು. ಕರೆದರೆ ಕೇಳುವಷ್ಟು ಹತ್ತಿರದಲ್ಲಿ ಒಬ್ಬರು ಇರಬೇಕು. ಅವರಿಗೆ ಇಂಜೆಕ್ಷನ್ ಕೊಡುವುದು, ಜೋರಾಗಿ ಕೂಗಿ ಸಹಾಯಕ್ಕೆ ಜನ ಕರೆಯುವುದು ಗೊತ್ತಿರಬೇಕು.

ಚಿಕಿತ್ಸೆಯ ಆ ಮೊದಲ ಹಂತ ಮುಗಿಯುವವರೆಗೂ ಗಾಜಿನ ಮನೆಯ ಕೆಲಸವನ್ನು ಮೇಡಂ, ಗಾಜಣ್ಣ, ನಾನು ಹಂಚಿಕೊಂಡು ಮಾಡಿದೆವು. ಆಸ್ಪತ್ರೆಗೆ ಹೋಗಿ ಬಂದ ದಿನವೆಲ್ಲ ಅಕ್ಕನ ತೋಳು ಊದಿರುತ್ತಿತ್ತು. ಅವಳು ಆ ತೋಳಲ್ಲೇ ಏಪ್ರನ್ ಮುಗಿಸಿದಳು. ದಾರವಿಲ್ಲದೆ ಬಿದ್ದ ತೂತಿನ ಸಾಲಿನ ಮೇಲೆಯೇ ಇಂಜೆಕ್ಷನ್ನಿಗೆ ಉದ್ದನೆಯ ಜೇಬು ಹೊಲಿದಳು.

ಹೊರಡುವ ಹಿಂದಿನ ಸಂಜೆ ಅಮ್ಮ ಆ ಏಪ್ರನ್ ತೆಗೆದುಕೊಂಡು ದೀಪದ ಕೆಳಗೆ ತಿರುಗಿಸಿ ನೋಡಿದಳು. ಜೇಬಿಗೆ ಅಕ್ಕ ಚಂದದ್ದೊಂದು ಗುಂಡಿ ಇಟ್ಟಿದ್ದಳು.

"ಇದನ್ನ ಕಿತ್ತು ಹಾಕು."

"ಯಾಕಮ್ಮ, ಇಂಜೆಕ್ಷನ್ ಬಿದ್ದುಹೋದ್ರೆ?"

"ಜೇಬು ಇನ್ನಷ್ಟು ಆಳ ಮಾಡು. ಗುಂಡಿ ಬೇಡ. ಬಿಚ್ಚೋಕೆ ಹೊತ್ತು ಹಿಡಿಯುತ್ತೆ." ಅಮ್ಮ ತಾನೇ ಏಪ್ರನ್ ಕಟ್ಟಿಕೊಂಡಳು. ಕಣ್ಣು ಮುಚ್ಚಿ ಕೈ ಹಾಕಿ ತೆಗೆದಳು, ಮತ್ತೆ ಇಟ್ಟಳು, ಮತ್ತೆ ತೆಗೆದಳು. ಆಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿದಳು.

"ಹತ್ತಿರದಲ್ಲಿ ಇರೋದು ಇವಳು ತಾನೆ?"

"ಹೂಂ. ಇವಳ ಮೇಜು ಗಾಜಿನ ಮನೆ ಗೋಡೆಯ ಪಕ್ಕದಲ್ಲೇ ಇದೆ," ಅಂದಳು ಅಕ್ಕ.

"ಇವಳಾ? ಮನೆಗೆ ಬೆಂಕಿ ಬಿದ್ರೂ ಕಿವಿ ಹತ್ರ ಬಂದು ಮೆಲ್ಲಗೆ ಹೇಳೋಳು. ಇವಳು ಕೂಗಿ ಜನ ಕರೀತಾಳಾ?" ಅಮ್ಮ ನನ್ನ ಎದುರು ಬಂದು ನಿಂತಳು. "ಕೂಗು."

"ಏನಂತ?"

"ಏನಂತಾದ್ರೂ. ಅಕ್ಕನಿಗೆ ಏನೋ ಆಗಿದೆ ಅಂದ್ಕೋ. ಕೂಗು."

ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

"ನೋಡಿದ್ಯಾ?" ಅಂದಳು ಅಮ್ಮ. ಆದರೆ ಆ ಮಾತಿನಲ್ಲಿ ಗೆದ್ದ ಸದ್ದು ಇರಲಿಲ್ಲ. ಅವಳ ಕೈ ಇನ್ನೂ ಆ ಜೇಬಿನಲ್ಲೇ ಇತ್ತು. ಅಕ್ಕ ಯಂತ್ರದ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು. ಕೂಗು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಕಿಟಕಿ ಕಟ್ಟೆಯ ಮೇಲೆ ಕುಂಡಗಳು, ಕುಂಡದಲ್ಲಿ ಬ್ರಶ್. ಜಾಲರಿ ಬಿಚ್ಚಿದ ಆ ಸಂಜೆ ಅವಳ ಮೊಣಕೈಗಳು ಹೊರಗಿದ್ದದ್ದು ನನಗೆ ನೆನಪಾಯಿತು.

"ಯಾರಾದ್ರೂ ಬನ್ನಿ!" ಅಂತ ಕೂಗಿದೆ. "ಬೇಗ ಬನ್ನಿ! ನಮ್ಮಕ್ಕನಿಗೆ ಹುಳ ಕಚ್ಚಿದೆ!"

ನನ್ನ ಗಂಟಲಲ್ಲಿ ಅಂಥದ್ದೊಂದು ಇದೆ ಅಂತ ನನಗೇ ಗೊತ್ತಿರಲಿಲ್ಲ. ಬೀದಿಯ ನಾಯಿಗಳು ಬೊಗಳತೊಡಗಿದವು. ಎದುರು ಮನೆಯಲ್ಲಿ ಏನೋ ಪಾತ್ರೆ ಬಿತ್ತು. ಮೇಲಿನ ಮಹಡಿಯವರು ಮೆಟ್ಟಿಲಲ್ಲಿ ಧಡಧಡ ಇಳಿದು ಬಂದು, ಒಂದು ಕಾಲಿಗೆ ಮಾತ್ರ ಚಪ್ಪಲಿ, ಬಾಗಿಲು ಬಡಿದರು. "ಏನಾಯ್ತು? ಯಾರಿಗೇನಾಯ್ತು?"

ಅಮ್ಮ ಏಪ್ರನ್ನಿನಲ್ಲೇ ಹೋಗಿ ಬಾಗಿಲು ತೆರೆದಳು. "ಏನಿಲ್ಲಪ್ಪ, ಯಾರಿಗೂ ಏನೂ ಆಗಿಲ್ಲ," ಅಂದಳು. "ನನ್ನ ಚಿಕ್ಕ ಮಗಳು ಮಾತಾಡಿದ್ಳು."

ಈಗ ಅಕ್ಕ ಗಾಜಿನ ಮನೆಯಲ್ಲಿದ್ದಾಳೆ. ಮೊದಲ ದಿನ ಒಂದು ಹುಳು ಅವಳ ತೋಳಿನ ಪಕ್ಕದಲ್ಲೇ ಹೂವಿಗೆ ಇಳಿಯಿತು. ಅವಳ ಕೈ ಜೇಬಿಗೆ ಹೋಗಿ ಅಲ್ಲೇ ನಿಂತದ್ದನ್ನು ನಾನು ಗಾಜಿನ ಆಚೆಯಿಂದ ನೋಡಿದೆ. ಹುಳು ಹೂವಿನೊಳಗೆ ಒಂದು ಸುತ್ತು ತಿರುಗಿ, ಮೈಗೆಲ್ಲ ಪುಡಿ ಬಳಿದುಕೊಂಡು, ಪಕ್ಕದ ಹೂವಿಗೆ ಹೋಯಿತು. ಅಕ್ಕ ಬಗ್ಗಿ ನೋಡಿದಳು, ತನ್ನ ಬ್ರಶ್ಶಿನ ಕೆಲಸವನ್ನು ಬೇರೆಯವರು ಹೇಗೆ ಮಾಡುತ್ತಾರೆ ಅಂತ ನೋಡುವ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಕೈ ಜೇಬಿನಿಂದ ಹೊರಗೆ ಬಂತು.

ಆಗಾಗ ಗೋಡೆಯ ಆ ಕಡೆಯಿಂದ ಅವಳ ದನಿ ಬರುತ್ತದೆ. "ಇದೀಯೇನೇ?"

ನಾನು ಚಿಮಟ ಕೆಳಗಿಡುತ್ತೇನೆ. ಬೇಗ ಎಳೆದರೆ ಹರಿಯುತ್ತದೆ. ಎಳೆಯುವ ಹೊತ್ತಿನಲ್ಲಿ ಉತ್ತರ ಕೊಡಬಾರದು.

"ಇದೀನಿ!" ಅನ್ನುತ್ತೇನೆ. ಗಾಜಣ್ಣ ಪ್ರತಿ ಸಲವೂ ಬೆಚ್ಚಿಬೀಳುತ್ತಾರೆ.